ಕಾರಿನೊಳಗಿನ ಮಂಜು ಮತ್ತು ಹದಿನಾಲ್ಕು ಟೈರು

ನನ್ನಿಂದ ಈ ಕೆಲಸ ಆಗುವುದಿಲ್ಲ ಎಂದವರು ಮೂವರು. ಮೊದಲನೆಯವನು ನನ್ನ ಅಣ್ಣ. ವಿಜಯಪುರದ ಕಡೆಯಿಂದ ನನ್ನನ್ನು ಮುಂಬಯಿಗೆ ಕರೆತಂದವನೂ ಅವನೇ, ಗ್ಯಾರೇಜು ಹೆಂಗಸರ ಜಾಗ ಅಲ್ಲ ಎಂದವನೂ ಅವನೇ. ಎರಡನೆಯವನು ಒಂದು ತರಬೇತಿ ಕೇಂದ್ರದ ಗುಮಾಸ್ತ. ಏಳನೇ ಕ್ಲಾಸಿನ ನನ್ನ ಮಾರ್ಕ್ಸ್ ಕಾರ್ಡನ್ನು ಎರಡೇ ಬೆರಳಲ್ಲಿ ಹಿಡಿದು, ಒದ್ದೆ ಬಟ್ಟೆಯನ್ನು ಒದರುವ ಹಾಗೆ ಒದರಿ ವಾಪಸ್ ಕೊಟ್ಟ. ಮೂರನೆಯವರು ಗೋರೆಗಾಂವ್‌ನ ನಮ್ಮ ಗ್ಯಾರೇಜಿನ ಮಾಲೀಕರು, ಎಲ್ಲರಿಗೂ ಕಾಕಾ. ಮೊದಲಿನ ಇಬ್ಬರನ್ನು ನಾನು ಕ್ಷಮಿಸಿದ್ದೇನೆ. ಕಾಕಾನನ್ನು ಕ್ಷಮಿಸುವ ಪ್ರಸಂಗ ಬರಲಿಲ್ಲ. ಯಾಕೆ ಎಂಬುದು ಕೊನೆಗೆ ತಿಳಿಯುತ್ತದೆ.

ಆ ಗ್ಯಾರೇಜಿನ ರಸ್ತೆಯ ಬಿಲ್ಡಿಂಗುಗಳಲ್ಲಿ ನಾನು ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಕಾರು ತೊಳೆದೆ. ತೊಳೆದಾದ ಮೇಲೆ ರಸ್ತೆಯ ಮೂಲೆಯ ಚಹಾದವನ ಹತ್ತಿರ ಮೂರು ಚಮಚೆ ಸಕ್ಕರೆಯ ಚಹಾ ಕುಡಿಯುತ್ತಿದ್ದೆ. ನನ್ನ ಜೀವನದ ಐಷಾರಾಮ ಅದೊಂದೇ. ಜೊತೆಗೆ ಓದುತ್ತಿದ್ದೆ. ಕಾರಿನವರು ಪ್ಲಾಸ್ಟಿಕ್ ಕವರು ಕೂಡ ಬಿಚ್ಚದೆ ಡ್ಯಾಶ್‌ಬೋರ್ಡಿನ ಡ್ರಾದಲ್ಲಿ ಬಿಸಾಕಿದ ಮ್ಯಾನುಯಲ್ ಪುಸ್ತಕಗಳನ್ನು ಕೇಳಿ ತರುತ್ತಿದ್ದೆ. ರದ್ದಿ ಅಂಗಡಿಯಿಂದ ತಂದ, ಕೊನೆಯ ನಾಲ್ಕು ಅಕ್ಷರಗಳ ಪುಟಗಳೇ ಇಲ್ಲದ ಡಿಕ್ಷನರಿ ಇಟ್ಟುಕೊಂಡು ಓದುತ್ತಿದ್ದೆ. ನನ್ನ ಇಂಗ್ಲಿಷ್ ಬಂದದ್ದೆಲ್ಲ ಆ ಮ್ಯಾನುಯಲ್ಲುಗಳಿಂದ. ಹಾಗಾಗಿ ಇಂಗ್ಲಿಷಿನಲ್ಲಿ ಏನು ಹೇಳಬೇಕಾದರೂ ಮೊದಲು "ವಾರ್ನಿಂಗ್" ಎಂದು ಶುರು ಮಾಡುತ್ತೇನೆ. ದೊಡ್ಡ ದೊಡ್ಡ ಸಾಹೇಬರೂ ಬಾಯಿ ಮುಚ್ಚಿ ಕೇಳುತ್ತಾರೆ.

ಆಮೇಲೆ ಎಲೆಕ್ಟ್ರಿಕ್ ಕಾರುಗಳು ಬಂದವು. ಅವುಗಳಲ್ಲಿ ಎಂಜಿನ್ನಿನ ಬಿಸಿ ಇಲ್ಲ. ಚಾರ್ಜು ಉಳಿಯಲಿ ಎಂದು ಜನ ಎಸಿ ಬಂದ್ ಮಾಡಿ, ಕಿಟಕಿ ಏರಿಸಿ, ಒಳಗಿನ ಗಾಳಿಯನ್ನೇ ಸುತ್ತಿಸುತ್ತಾ ಕೂರುತ್ತಾರೆ. ಇನ್ನು ಮುಂಬಯಿಯ ಮಳೆಗಾಲದ ಗಾಳಿ ಎಂದರೆ ಹಿಂಡಿದರೆ ಅರ್ಧ ಬಕೆಟ್ ನೀರು ಬರುವಂಥದ್ದು. ಗಾಜಿನ ಮೇಲೆ ಮಂಜು ಕಟ್ಟುತ್ತದೆ. ಹೊರಗಿನಿಂದ ಹನ್ನೊಂದು ವರ್ಷ ನೀರು ಹೊಯ್ದವಳಿಗೆ ಆ ನೀರು ಒಳಗೆ ಎಲ್ಲಿಂದ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಗೊತ್ತಿರದೆ ಇರುತ್ತದೆಯೇ? ಕಾಕಾನ ಗ್ಯಾರೇಜಿಗೆ ಹೋಗಿ, ಹಳೆಯ ಟೈರು ಪೇರಿಸಿಟ್ಟ ಆ ಮೂಲೆ ನನಗೆ ಕೊಡಿ, ಮಂಜು ಕಟ್ಟುವ ಕಾರುಗಳನ್ನು ನಾನು ನೋಡುತ್ತೇನೆ ಎಂದೆ.

ಕಾಕಾ ನಲವತ್ತು ವರ್ಷ ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳಿದವರು. ನಮ್ಮ ಊರ ಕಡೆಯವರೇ. "ಎಂಜಿನ್ನ ಇಲ್ಲದ್ದು ಗಾಡಿ ಅಲ್ಲ ಮಗಳ, ಮಿಕ್ಸರ್ ಅದು" ಎಂದರು. "ನಿನ್ನ ಕೈಲಿ ಗ್ಲಾಸ ಒರಸೂದು ಬಿಟ್ರ ಬ್ಯಾರೆ ಏನೂ ಆಗಂಗಿಲ್ಲ."

ನಾನು ಅಲ್ಲೇ ನಿಂತೆ. ಮಧ್ಯಾಹ್ನದವರೆಗೂ ನಿಂತೆ. ಕೊನೆಗೆ ಅವರು ಬೇಸತ್ತು, ಚಹಾದವನನ್ನು ಸಾಕ್ಷಿಗೆ ಕರೆದು ಒಂದು ಷರತ್ತು ಹಾಕಿದರು. ದಸರಾದವರೆಗೆ ನಾನು ರಿಪೇರಿ ಮಾಡಿದ ಒಂದು ಕಾರೂ ಅದೇ ದೂರು ಹೊತ್ತು ತಿರುಗಿ ಬರಬಾರದು. ಬಾರದಿದ್ದರೆ ಆ ಹದಿನಾಲ್ಕು ಟೈರುಗಳನ್ನು ಕಾಕಾ ತಮ್ಮ ತಲೆಯ ಮೇಲೆ ಹೊತ್ತು ಹೊರಗೆ ಸಾಗಿಸುತ್ತಾರೆ, ಮೂಲೆ ನನ್ನದು. ಒಂದೇ ಒಂದು ತಿರುಗಿ ಬಂದರೂ ನಾನು ಮತ್ತೆ ಬಕೆಟ್ ಹಿಡಿಯಬೇಕು, ಗ್ಯಾರೇಜಿನ ಮಾತು ಎತ್ತಬಾರದು.

ಅಂದಿನಿಂದ ನಡೆದದ್ದರಲ್ಲಿ ಕೆಲವನ್ನು ಹೇಳುತ್ತೇನೆ. ಇಂಥವು ನಡೆಯುತ್ತಲೇ ಇರುತ್ತವೆ. ಕಾರಿನೊಳಗೆ ನೀರು ತಾನಾಗಿ ನುಗ್ಗುವುದು ಕಡಿಮೆ. ಹೆಚ್ಚಾಗಿ ಮನೆಯವರೇ ಕರೆದು ಕೂರಿಸಿರುತ್ತಾರೆ.

ಒರೆಸಿದರೂ ಹೋಗದ ಮಂಜು

ಮೊದಲು ಬಂದವರು ವಿಲೆ ಪಾರ್ಲೆಯ ನಿವೃತ್ತ ಬ್ಯಾಂಕ್ ಅಧಿಕಾರಿ, ಹೆಂಡತಿಯ ಜೊತೆಗೆ. ಬೆಂಗಳೂರಿನವರು. ಮ್ಯಾನುಯಲ್ಲನ್ನು ಮೂರು ಸಲ ಓದಿದ್ದೇನೆ ಎಂದು ಶುರು ಮಾಡಿದರು. ನಾನು ಐದು ಸಲ ಓದಿದ್ದೇನೆ ಎಂದೆ. ಅವರಿಗೆ ಅದು ಹಿಡಿಸಲಿಲ್ಲ.

ದೂರು ಏನೆಂದರೆ, ಮುಂದಿನ ಗಾಜಿನಲ್ಲಿ ಮಂಜು ಕಟ್ಟುತ್ತದೆ, ಎಷ್ಟು ಒರೆಸಿದರೂ ಹೋಗುವುದಿಲ್ಲ. ಟವೆಲ್ಲಿನಿಂದ ಒರೆಸಿದ್ದಾರೆ, ಹಳೆಯ ಪೇಪರಿನಿಂದ ಒರೆಸಿದ್ದಾರೆ, ಹೆಂಡತಿಯ ಹತ್ತಿ ಸೀರೆಯನ್ನು ಹರಿದು ಒರೆಸಿದ್ದಾರೆ. ಎಸಿಯನ್ನು ಪೂರ್ತಿ ತಣ್ಣಗಿಟ್ಟು ಗಾಜಿಗೇ ತಿರುಗಿಸಿದ್ದಾರೆ. ಆಗ ಮಂಜು ಇನ್ನೂ ಹೆಚ್ಚಾಯಿತಂತೆ. ಕಂಪನಿ ಮೋಸ ಮಾಡಿದೆ, ಗಾಜಿನ ಒಳಪದರದಲ್ಲೇ ನೀರು ಸೇರಿದೆ, ಗಾಜು ಬದಲಿಸಬೇಕು ಎಂದು ಅವರೇ ತೀರ್ಮಾನ ಮಾಡಿಕೊಂಡು ಬಂದಿದ್ದರು. ನಾನು ಹೌದು ಎನ್ನುವುದೊಂದೇ ಬಾಕಿ ಇತ್ತು.

ಕಾರಿನಲ್ಲಿ ಕೂತು ಎಸಿ ಹಾಕಿ ತೋರಿಸಲು ಹೇಳಿದೆ. ಗ್ಯಾರೇಜಿನ ಸೂರಿನಾಚೆ ಜಿಟಿಜಿಟಿ ಮಳೆ. ಹತ್ತು ನಿಮಿಷದಲ್ಲಿ ಗಾಜು ಬೆಳ್ಳಗಾಯಿತು. ಅವರು ಒಳಗಿನಿಂದ ಜೋರಾಗಿ ಒರೆಸತೊಡಗಿದರು. ನಾನು ಹೊರಗೆ ನಿಂತು ಗಾಜಿನ ಮೇಲೆ ಒಂದು ಬೆರಳು ಎಳೆದೆ. ಗೆರೆ ಬಿತ್ತು. ಆ ಗೆರೆಯಿಂದ ನನ್ನ ಮುಖ ಅವರಿಗೆ ಕಂಡಿತು.

ಮಂಜು ಕಟ್ಟುತ್ತಿದ್ದುದು ಹೊರಗೆ. ಒಳಗಿನ ಎಸಿಗೆ ಗಾಜು ತಣ್ಣಗಾಗಿ, ಹೊರಗಿನ ಒದ್ದೆ ಗಾಳಿ ಬಂದು ಅಂಟುತ್ತಿತ್ತು, ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿಯ ಹಾಗೆ. ಗಾಳಿಯನ್ನು ಗಾಜಿನಿಂದ ಬೇರೆ ಕಡೆ ತಿರುಗಿಸಿ, ಎಸಿಯನ್ನು ಸ್ವಲ್ಪ ಕಡಿಮೆ ಮಾಡಿ, ವೈಪರನ್ನು ಒಂದು ಸಲ ಆಡಿಸಿದೆ. ಗಾಜು ಕನ್ನಡಿಯಾಯಿತು.

ಸಾಹೇಬರು ಒರೆಸುವ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟರು. ಹಿಂದಿನ ಸೀಟಿನಿಂದ ಅವರ ಹೆಂಡತಿ ನಿಧಾನವಾಗಿ ಹೇಳಿದರು: "ಮನೇಲೂ ಇವರದು ಇದೇ ಕಥೆ ಕಣಮ್ಮ. ಹೊರಗೆ ಏನೇ ಆಗಲಿ, ಉಜ್ಜಿಸಿಕೊಳ್ಳೋರು ಒಳಗಿರೋರು."

ಮಳೆಗಾಲದಲ್ಲೂ ಗರಿಗರಿ ಅಂಗಿ

ಎರಡನೆಯದು ನಮ್ಮ ಗೋರೆಗಾಂವ್‌ನದೇ. ಹದಿನೆಂಟು ಮಹಡಿಯ ಹೊಸ ಬಿಲ್ಡಿಂಗು, ಅದರ ಸೊಸೈಟಿಯ ಸೆಕ್ರೆಟರಿ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಿದರೆ ಬಿಲ್ಡಿಂಗಿನ ಅಂದ ಕೆಡುತ್ತದೆ ಎಂದು ಲಿಫ್ಟಿನಲ್ಲಿ ನೋಟಿಸು ಹಚ್ಚಿಸಿದ್ದವರು ಇವರೇ. ಆ ಲಿಫ್ಟಿನಲ್ಲಿ ಓಡಾಡಿ ಕಾರು ತೊಳೆದವಳಾದ್ದರಿಂದ ನೋಟಿಸು ನನಗೆ ಬಾಯಿಪಾಠವಿತ್ತು.

ದಿನಾ ಬೆಳಿಗ್ಗೆ ಪಾರ್ಕಿಂಗಿಗೆ ಬಂದರೆ ಕಾರಿನ ಗಾಜುಗಳೆಲ್ಲ ಒಳಗಿನಿಂದ ಬೆವರಿರುತ್ತವೆ ಎಂದರು. ಬ್ಯಾಟರಿ ಸೋರುತ್ತಿದೆ ಎಂಬುದು ಅವರ ಅನುಮಾನ. ಮ್ಯಾಟ್ ಎತ್ತಿ ನೋಡಿದೆ, ಒಣಗಿತ್ತು. ಬಾಗಿಲಿನ ರಬ್ಬರು ಸರಿಯಿತ್ತು. ಮೋರಿಯ ಹಾಗೆ ನೀರು ಹರಿದುಹೋಗುವ ತೂತುಗಳೂ ಚೊಕ್ಕಟವಾಗಿದ್ದವು. ನೀರು ಬರಲು ದಾರಿಯೇ ಇಲ್ಲ, ಆದರೂ ನೀರಿದೆ.

ಅಷ್ಟರಲ್ಲಿ ಅವರು ಬಗ್ಗಿ ಏನೋ ತೋರಿಸಲು ಬಂದರು. ಅವರ ಅಂಗಿ ಗರಿಗರಿಯಾಗಿತ್ತು. ಜುಲೈ ತಿಂಗಳು, ನಾಲ್ಕು ದಿನದಿಂದ ಬಿಡದೆ ಮಳೆ, ಮುಂಬಯಿಯಲ್ಲಿ ಯಾರ ಅಂಗಿಯೂ ಪೂರ್ತಿ ಒಣಗಿರಲಿಲ್ಲ. ಮೇಲಾಗಿ ಅಂಗಿಯಿಂದ ಬರುತ್ತಿದ್ದುದು ಸೋಪಿನ ವಾಸನೆಯಲ್ಲ, ಕಾರಿನೊಳಗೆ ತೂಗುಹಾಕಿದ ನಿಂಬೆ ಪರ್ಫ್ಯೂಮಿನ ವಾಸನೆ. ನಾನು ಸೀಟಿನ ಕೆಳಗೆ ಕೈ ಹಾಕಿದೆ. ಬಟ್ಟೆಗೆ ಸಿಕ್ಕಿಸುವ ನೀಲಿ ಕ್ಲಿಪ್ಪು ಸಿಕ್ಕಿತು. ಇನ್ನಷ್ಟು ಒಳಗೆ ಕೈ ಹಾಕಿದೆ. ಮಗುವಿನ ಒಂದು ಸಾಕ್ಸು.

ಇದು ಏನು ಎಂದು ಅವರು ನನ್ನನ್ನೇ ಕೇಳಿದರು. ನಾನು, ಮನೆಗೆ ಫೋನ್ ಮಾಡಿ ಎಂದೆ. ಹೆಂಡತಿ ಕನ್ನಡದವರು, ಹುಬ್ಬಳ್ಳಿಯವರು. ಫೋನ್ ಸ್ಪೀಕರಿನಲ್ಲಿತ್ತು. ಕಾರನ್ನು ಸೊಸೈಟಿಯ ಚಾರ್ಜರಿಗೆ ಹಾಕಿ, ಎಸಿ ಹಚ್ಚಿ, ಒಳಗೆ ಹಗ್ಗ ಕಟ್ಟಿ, ಇಡೀ ಮನೆಯ ಬಟ್ಟೆ ಅಲ್ಲೇ ಒಣಗಿಸುತ್ತಿದ್ದೇನೆ ಎಂದು ಒಪ್ಪಿಕೊಂಡರು. ಅವರ ದನಿಯಲ್ಲಿ ತಪ್ಪಿತಸ್ಥರ ಅಳುಕೇ ಇರಲಿಲ್ಲ.

"ಬಾಲ್ಕನ್ಯಾಗ ಹಾಕಬ್ಯಾಡ ಅಂತ ನೋಟಿಸ್ ಹಚ್ಚಿದವರು ನೀವ. ಅದರಾಗ ಕಾರಿನ ಮಾತ ಇರಲಿಲ್ಲಲ್ರಿ."

ಮರುದಿನ ಲಿಫ್ಟಿನಿಂದ ನೋಟಿಸು ಮಾಯವಾಯಿತು. ಹದಿನೆಂಟೂ ಮಹಡಿಗಳಲ್ಲಿ ಅಂಗಿ, ಲಂಗ, ಲುಂಗಿ ಹಾರಾಡಿದವು. ಸೆಕ್ರೆಟರಿ ಎಷ್ಟು ಒಳ್ಳೆಯ ಮನುಷ್ಯ ಎಂದು ಬಿಲ್ಡಿಂಗಿನ ಹೆಂಗಸರು ಈಗಲೂ ಹೊಗಳುತ್ತಾರೆ.

ಇಪ್ಪತ್ತು ಕಿಲೋ ಅಕ್ಕಿ

ಬಾಂದ್ರಾದ ಆಫೀಸಿಗೆ ಹೋಗುವ ಹುಡುಗನೊಬ್ಬ ತಾಯಿಯನ್ನು ಕೂರಿಸಿಕೊಂಡು ಬಂದ. ತಾಯಿ ಮೈಸೂರಿನವರು. ಮಗ ಇಲ್ಲೇ ಹುಟ್ಟಿ ಬೆಳೆದವನು. ಬಾಗಿಲು ತೆಗೆದರೆ ಹುಳಿ ಹುಳಿ ವಾಸನೆ. ಗಾಜಿನ ಮೇಲೆ ಮಂಜು. ಸೀಟಿನ ಕೆಳಗೆ, ಕಾಲಿಡುವಲ್ಲಿ, ಡಿಕ್ಕಿಯಲ್ಲಿ, ಎಲ್ಲಾ ಕಡೆ ದಿಂಬಿನ ಕವರುಗಳು. ಗಂಟು ಕಟ್ಟಿದ ಕವರುಗಳ ತುಂಬ ಅಕ್ಕಿ.

ನಾನು ಅವನ ಮುಖ ನೋಡಿದೆ.

"ಆಂಟಿ, ಫೋನ್ ವಾಟರ್‌ನಲ್ಲಿ ಬಿದ್ರೆ ರೈಸ್‌ನಲ್ಲಿ ಇಡ್ತಾರಲ್ಲ," ಎಂದ. "ಸೋ, ಕಾರ್‌ಗೂ ಚಲೇಗಾ ಅಂತ."

ಫೋನಿಗೆ ಒಂದು ಡಬ್ಬಿ ಅಕ್ಕಿ ಸಾಕಾದರೆ ಕಾರಿಗೆ ಎಷ್ಟು ಎಂದು ಲೆಕ್ಕ ಹಾಕಿ ಇಪ್ಪತ್ತು ಕಿಲೋ ತಂದಿದ್ದನಂತೆ. ಓದಿದ ಹುಡುಗ, ಲೆಕ್ಕ ತಪ್ಪಿರಲಿಲ್ಲ. ಅಕ್ಕಿ ತನ್ನ ಕೈಲಾದಷ್ಟು ನೀರು ಹೀರಿತ್ತು, ಆಮೇಲೆ ಕೂತಲ್ಲೇ ಹುಳಿ ಬಂದಿತ್ತು. ನಿಜವಾದ ರೋಗ ಬೇರೆ. ಎಸಿಯ ನೀರು ಹೊರಗೆ ತೊಟ್ಟಿಕ್ಕುವ ಸಣ್ಣ ಕೊಳವೆ ಕೆಸರಿನಿಂದ ಕಟ್ಟಿಕೊಂಡಿತ್ತು. ಹೊರಗೆ ಹೋಗಬೇಕಾದ ನೀರು ಕಾರ್ಪೆಟ್ಟಿನ ಕೆಳಗೆ ಇಳಿಯುತ್ತಿತ್ತು. ಕಾರಿನ ಅಡಿಗೆ ಮಲಗಿ ಕೊಳವೆಗೆ ಗಾಳಿ ಊದಿದೆ. ಎರಡು ಚೊಂಬು ನೀರು ಒಮ್ಮೆಗೇ ನನ್ನ ಮುಖದ ಮೇಲೆ ಬಿತ್ತು. ರೋಗ ಸಿಕ್ಕ ಖುಷಿಗೆ ಅದೂ ತೀರ್ಥದಂತೆ ಅನಿಸಿತು.

ಕಾರ್ಪೆಟ್ ತೆಗೆದು ಎರಡು ದಿನ ಫ್ಯಾನಿಗೆ ಒಣಗಿಸಿ ಕೊಟ್ಟೆ. ಕಾರು ಒಯ್ಯುವಾಗ ಹುಡುಗ ಅಕ್ಕಿಯ ಗಂಟುಗಳನ್ನು ಕಸದ ಡಬ್ಬಿಗೆ ಹಾಕಲು ಹೊರಟ. ತಾಯಿ ಒಂದು ಗಂಟನ್ನು ಕೈಗೆ ತೆಗೆದುಕೊಂಡು ಹಿಚುಕಿದರು, ಮೂಸಿದರು, ನನ್ನನ್ನು ಪಕ್ಕಕ್ಕೆ ಕರೆದರು.

"ನೆನೆದೂ ಆಗಿದೆ, ಹುಳಿನೂ ಬಂದಿದೆ," ಎಂದರು. "ಒಂದಿಷ್ಟು ಉದ್ದು ಸೇರಿಸಿ ರುಬ್ಬಿದ್ರೆ ದೋಸೆಗೆ ಆಗಲ್ವೇನಮ್ಮ?"

ಎಲ್ಲಿಗೂ ಹೋಗದೆ ತಿರುಗಿ ಬಂದ ಕಾರು

ಹೀಗೆ ಆಷಾಢ ಕಳೆಯಿತು, ಶ್ರಾವಣ ಕಳೆಯಿತು, ಗಣಪತಿಯೂ ಬಂದು ಹೋದ. ಒಂದು ಕಾರೂ ತಿರುಗಿ ಬರಲಿಲ್ಲ. ಕಾಕಾ ದಿನಾ ಸಂಜೆ ಗ್ಯಾರೇಜಿನ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದರು, ನೆಂಟರ ದಾರಿ ಕಾಯುವ ಹಾಗೆ. ಒಂದು ಸಂಜೆ ವಿಲೆ ಪಾರ್ಲೆಯ ಬ್ಯಾಂಕಿನವರ ಕಾರು ನಿಜವಾಗಿ ಬಂತು. ಕಾಕಾ ಅರ್ಧ ರಸ್ತೆಯವರೆಗೆ ಹೋಗಿ ಎದುರುಗೊಂಡರು. ಸಾಹೇಬರು ಇಳಿದು, ಮರೆತು ಹೋಗಿದ್ದ ಛತ್ರಿ ತೆಗೆದುಕೊಂಡು ಹೋದರು.

ಆ ನಡುವೆ ಕಾಕಾನ ಮಗಳು ಒಂದು ಎಲೆಕ್ಟ್ರಿಕ್ ಕಾರು ಕೊಂಡಳು. ಅವಳ ಆಫೀಸಿನ ಹತ್ತಿರ ಪಾರ್ಕಿಂಗ್ ಸಿಗುವುದಿಲ್ಲ, ಅದಕ್ಕೇ ವಾರವಿಡೀ ಲೋಕಲ್ ರೈಲಿನಲ್ಲಿ ಹೋಗುತ್ತಾಳೆ. ಕಾರು ಗ್ಯಾರೇಜಿನ ಹಿಂದಿನ ಅಂಗಳದಲ್ಲೇ ನಿಂತಿರುತ್ತದೆ. ಆ ಮಿಕ್ಸರಿನಾಗ ನಾ ಕೂಡಂಗಿಲ್ಲ ಎಂದು ಕಾಕಾ ಊರಿಗೆಲ್ಲ ಸಾರಿದರು. ಆದರೂ ಅದರ ಪೂಜೆ ಮಾಡಿದವರು ಅವರೇ. ಒಂದು ಬುಟ್ಟಿ ಚೆಂಡುಹೂವನ್ನು ಗಾಜಿನ ಬುಡಕ್ಕೆ ಸುರಿದಿದ್ದರು. ಆ ಎಸಳುಗಳು ವೈಪರಿನ ಕೆಳಗಿನ ತೂತುಗಳಲ್ಲಿ ಹೋಗಿ ಕೂತು, ಮಳೆನೀರು ಒಳಗೆ ಬಂದು ಮಂಜು ಕಟ್ಟಿತು. ನಾನು ಮೂರು ಹಿಡಿ ಎಸಳು ತೆಗೆದು ಸರಿ ಮಾಡಿದೆ. ಇದೂ ಷರತ್ತಿನ ಲೆಕ್ಕಕ್ಕೆ ಸೇರಿತು ಎಂದು ಕಾಕಾ ಚಹಾದವನ ಮುಂದೆ ಹೇಳಿಟ್ಟರು.

ದಸರಾಕ್ಕೆ ಎಂಟು ದಿನವಿತ್ತು. ಭಾನುವಾರ ಬೆಳಿಗ್ಗೆ ಮಗಳು ಬಂದು ನೋಡಿದರೆ, ಕಾರಿನ ಆರೂ ಗಾಜುಗಳ ಮೇಲೆ ಮಂಜು.

ಕಾಕಾ ಇಡೀ ಓಣಿಯನ್ನು ಕರೆದರು. ಆ ಕಾರು ನಿಂತ ಜಾಗದಿಂದ ಒಂದಡಿ ಅಲುಗಿರಲಿಲ್ಲ, ಆದರೂ ಷರತ್ತಿನ ಪ್ರಕಾರ ತಿರುಗಿ ಬಂದಿತ್ತು. ಅವರು ಒಳಗೆ ಹೋಗಿ ನನ್ನ ಹಳೆಯ ಬಕೆಟ್ಟನ್ನು ಹುಡುಕಿ, ತೊಳೆದು, ತಂದು ನನ್ನ ಮುಂದೆ ಇಟ್ಟರು. ಆ ಬಕೆಟ್ಟನ್ನು ಅಷ್ಟು ಚೆನ್ನಾಗಿ ನಾನೂ ಎಂದೂ ತೊಳೆದಿರಲಿಲ್ಲ. ನಾಳೆ ಸಂಜೆಯವರೆಗೆ ಸಮಯ ಕೊಡಿ ಎಂದೆ. ಕೊಟ್ಟರು.

ಸೋಮವಾರ ಕಾರಿಗೆ ನೀರು ಬರುವ ದಾರಿಗಳನ್ನೆಲ್ಲ ಅಂಗುಲ ಅಂಗುಲ ನೋಡಿದೆ. ತೂತುಗಳು ಚೊಕ್ಕ. ಫಿಲ್ಟರು ಒಣಗಿದೆ. ಮುಂದಿನ ಕಾರ್ಪೆಟ್ಟಿನ ಕೆಳಗೆ ಪೇಪರು ಇಟ್ಟೆ, ಗರಿಗರಿಯಾಗಿಯೇ ಹೊರಬಂತು. ಗಾಳಿಯ ತೇವ ಅಳೆಯುವ ಸಣ್ಣ ಮೀಟರೊಂದು ನನ್ನ ಹತ್ತಿರ ಇದೆ. ಅದನ್ನು ಸೀಟಿನ ಸಂದಿಯಲ್ಲಿ ಇಟ್ಟೆ. ಮೂರು ಗಂಟೆಗೆ ಅರವತ್ತೆರಡು ತೋರಿಸಿತು. ಸಾಮಾನು ತರಲು ಹೋಗಿ ನಾಲ್ಕಕ್ಕೆ ಬಂದು ನೋಡಿದರೆ ತೊಂಬತ್ತೈದು. ಗಾಜುಗಳು ಬೆಳ್ಳಗೆ. ಹೊರಗೆ ಮಳೆ ಇಲ್ಲ, ಬಿಸಿಲು.

ಹಿಂದಿನ ಗಾಜಿನ ಮೇಲೆ ಬೆರಳು ಎಳೆದೆ. ಬರೀ ನೀರಾದರೆ ಬೆರಳು ಶುಭ್ರವಾಗಿರುತ್ತದೆ. ಇದು ಅಂಟುತ್ತಿತ್ತು. ಮೂಸಿದೆ. ಶುಂಠಿ, ಏಲಕ್ಕಿ. ಕೆಳಗೆ ನೋಡಿದರೆ ಬಾಗಿಲಿನ ಸಂದಿಯಿಂದ ಹಿಂದಿನ ಸೀಟಿನ ಅಡಿಗೆ ಇರುವೆಗಳ ಸಾಲು ಹೊರಟಿತ್ತು, ನವರಾತ್ರಿಯ ದರ್ಶನಕ್ಕೆ ನಿಂತವರಷ್ಟು ಶಿಸ್ತಿನಿಂದ. ಆ ಕಾರಿನ ಹಿಂದಿನ ಸೀಟಿನ ಕೆಳಗೆ ಮನೆಯಲ್ಲಿ ಇರುವಂಥದೇ ಒಂದು ಪ್ಲಗ್ಗಿನ ಜಾಗ ಇದೆ. ಮ್ಯಾನುಯಲ್ಲಿನಲ್ಲಿ ಅದರ ಬಗ್ಗೆ ಎರಡು ಪುಟ ಇವೆ.

ನನಗೆ ಎಲ್ಲಾ ತಿಳಿಯಿತು. ಕಾಕಾಗೆ ಸಕ್ಕರೆ ಕಾಯಿಲೆ. ಎದುರಿನ ಚಾಳಿನಲ್ಲೇ ಅವರ ಮನೆ. ಕಾಕು, ಅಂದರೆ ಅವರ ಹೆಂಡತಿ, ಕಾಕಾಗೆ ಚಹಾ ಕೊಡಬಾರದೆಂದು ಚಹಾದವನಿಗೆ ಕಟ್ಟಪ್ಪಣೆ ಮಾಡಿದ್ದರು. ಎರಡು ವಾರದಿಂದ ಕಾಕಾ ಅವನ ಕಡೆ ತಿರುಗಿಯೂ ನೋಡಿರಲಿಲ್ಲ. ಮನಸ್ಸು ಗಟ್ಟಿ ಎಂದರೆ ಕಾಕಾಂದು ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ಮೂರರಿಂದ ನಾಲ್ಕರವರೆಗೆ ಕಾಕಾ ಎಲ್ಲಿರುತ್ತಾರೆ ಎಂದರೆ, ಡಾಕ್ಟರು ಹೇಳಿದ ವಾಕಿಂಗಿನಲ್ಲಿ.

ಐದು ಗಂಟೆಗೆ ಓಣಿ ಮತ್ತೆ ಸೇರಿತು. ಕಾಕೂನೂ ಬಂದರು. ಬಕೆಟ್ ಇಟ್ಟ ಜಾಗದಲ್ಲೇ ಇತ್ತು. ನಾನು ಕಾಕಾನನ್ನು ಪಕ್ಕಕ್ಕೆ ಕರೆದು, ರೋಗ ಸಿಕ್ಕಿದೆ, ನಿಮಗೊಬ್ಬರಿಗೇ ಹೇಳುತ್ತೇನೆ ಎಂದೆ. ನಿಜಕ್ಕೂ ಅವರ ಮರ್ಯಾದೆ ಉಳಿಸುವುದೇ ನನ್ನ ಮನಸ್ಸಿನಲ್ಲಿತ್ತು. ಆದರೆ ಗೆಲ್ಲುವ ಉಮೇದಿನಲ್ಲಿ ಇರುವವರಿಗೆ ಉಪಕಾರ ಕಾಣುವುದಿಲ್ಲ.

"ಬಾಜೂಕ ಯಾಕ ಕರೀತಿ?" ಎಂದರು ಎಲ್ಲರಿಗೂ ಕೇಳುವ ಹಾಗೆ. "ನೀರ ಎಲ್ಲಿಂದ ಬಂತು, ಎಲ್ಲಾರ ಮುಂದ ಹೇಳು."

"ಬ್ಯಾಡ್ರಿ ಕಾಕಾ."

"ಹೇಳ್ತಿಯೋ, ಬಕೆಟ್ ಹಿಡೀತಿಯೋ?"

ನಾನು ಇಂಗ್ಲಿಷಿನಲ್ಲಿ "ವಾರ್ನಿಂಗ್" ಎಂದೆ. ಅವರು ಕೇಳಲಿಲ್ಲ. ಹಿಂದಿನ ಬಾಗಿಲು ತೆರೆದು ಪಕ್ಕಕ್ಕೆ ಸರಿದೆ. ಕಾಕು ಮೊದಲು ಇರುವೆಗಳನ್ನು ನೋಡಿದರು. ಅವುಗಳ ದಾರಿಯಲ್ಲೇ ಕೈ ಹಾಕಿದರು. ಮೊದಲು ಬಂದದ್ದು ಕರೆಂಟಿನ ಕೆಟಲ್. ಆಮೇಲೆ ಚಹಾ ಸೋಸುವ ಜಾಲರಿ. ಕೊನೆಗೆ ಅವರದೇ ಅಡುಗೆಮನೆಯ ಸಕ್ಕರೆ ಡಬ್ಬಿ. ಆ ಡಬ್ಬಿ ಕದ್ದಳೆಂದು ಪಕ್ಕದ ಮನೆಯವಳ ಜೊತೆ ಕಾಕು ಮಾತು ಬಿಟ್ಟು ಎರಡು ವಾರವಾಗಿತ್ತು.

ವಾಸನೆ ಹೊರಗೆ ಹೋಗಬಾರದೆಂದು ಗಾಜು ಏರಿಸಿ, ಮಗಳ ಮಿಕ್ಸರಿನಲ್ಲಿ ಕೂತು, ಕಾಕಾ ದಿನಾ ಮಧ್ಯಾಹ್ನ ಎರಡು ಕಪ್ ಚಹಾ ಕುದಿಸುತ್ತಿದ್ದರು. ಅದರ ಹಬೆಯೇ ಮಂಜು. ಅದು ಅವರಿಗೇ ಹೊಳೆದಿರಲಿಲ್ಲ.

ಕಾಕು ಡಬ್ಬಿಯನ್ನು ಸೆರಗಿನಿಂದ ಒರೆಸಿದರು. "ಶುಗರ್ ಯಾಕ ಇಳೀವಲ್ದು ಅಂತ ಡಾಕ್ಟರ್ ಎರಡ ಸಲ ಗುಳಿಗಿ ಬದಲ ಮಾಡ್ಯಾರ," ಎಂದರು ನನ್ನ ಕಡೆ ತಿರುಗಿ. "ಅವರಿಗೆ ತಿಳೀಲಾರದ್ದು ನಿನಗ ತಿಳೀತಲ್ಲ ಬೇ."

ಕಾಕಾ ಸಣ್ಣ ದನಿಯಲ್ಲಿ, ಏನೇ ಆಗಲಿ ಕಾರು ತಿರುಗಿ ಬಂದದ್ದು ಬಂದದ್ದೇ ಎಂದರು. ಈ ಸಲದ ರೋಗ ಕಾರಿನದಲ್ಲ, ಕಾರಿನಲ್ಲಿ ಕೂತವರದು ಎಂದೆ. ಚಹಾದವನು ಸಾಕ್ಷಿಯಾಗಿದ್ದವನಲ್ಲವೇ, ಹೌದೆಂದು ತಲೆಯಾಡಿಸಿದ. ಕಾಕು ಮಾತು ಬೆಳೆಸಲಿಲ್ಲ, ದಸರಾಕ್ಕೂ ಕಾಯಲಿಲ್ಲ.

"ಟೈರ ಎತ್ರಿ."

ಹದಿನಾಲ್ಕು ಟೈರು. ಒಂದೊಂದಾಗಿ, ತಲೆಯ ಮೇಲೆ. ನಾನು ಸಹಾಯಕ್ಕೆ ಹೋದೆ, ಕಾಕು ಬಿಡಲಿಲ್ಲ. ಡಾಕ್ಟರು ಹೇಳಿದ ವಾಕಿಂಗು ಇದೇ ಎಂದರು.

ಈಗ ಆ ಮೂಲೆ ನನ್ನದು. ಹತ್ತಡಿ ಉದ್ದ, ಎಂಟಡಿ ಅಗಲ. ನಾನೇ ಬರೆದ ಬೋರ್ಡು ಇದೆ, ತೇವದ ಮೀಟರು ಇದೆ, ನೀರು ಹೀರುವ ಮಷೀನು ಇದೆ, ಇಪ್ಪತ್ತಮೂರು ಮ್ಯಾನುಯಲ್ಲುಗಳಿವೆ. ಬಕೆಟ್ಟೂ ಇದೆ, ಎಸಿ ಕೊಳವೆಯ ಕೆಳಗೆ ಇಡಲು. ಕೆಟಲ್ಲೂ ನನ್ನ ಕಪಾಟಿನಲ್ಲೇ ಇದೆ. ಕಾಕು ಅದನ್ನು ನನ್ನ ಸುಪರ್ದಿಗೆ ಒಪ್ಪಿಸಿ ಒಂದು ಕರಾರು ಹಾಕಿದರು. ನಾಲ್ಕು ಗಂಟೆಗೆ ಕಾಕಾಗೆ ಒಂದೇ ಕಪ್ ಚಹಾ, ಸಕ್ಕರೆ ಇಲ್ಲದ್ದು. ಅವರಿಗೆ ಆಸೆಯಾಗಬಾರದಲ್ಲ, ಅದಕ್ಕೇ ಎದುರಿಗೆ ಕೂತು ನಾನೂ ಅದನ್ನೇ ಕುಡಿಯಬೇಕು. ಗ್ಯಾರೇಜಿನಲ್ಲಿ ಸಕ್ಕರೆಯ ಹರಳೂ ಇರಬಾರದು. ಚಹಾದವನಿಗೆ ಈಗ ನನ್ನ ಹೆಸರಿನಲ್ಲೂ ಕಟ್ಟಪ್ಪಣೆ ಆಗಿದೆ.

ಮೂಲೆ ನನ್ನದು. ಅದಕ್ಕೆ ನಾನು ತೆತ್ತದ್ದು ದಿನಕ್ಕೆ ಮೂರು ಚಮಚೆ ಸಕ್ಕರೆ.